ಮಗಳ ಟಿಪಿಎನ್ ಟ್ಯೂಬು ನೀಲಿ ದೀಪದ ಕೆಳಗೇ ಹಾದು ಹೋಗ್ತಿದೆ, ಇದರಿಂದ ತೊಂದರೆ ಇದೆಯಾ?

27ವಾರದಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು 27 ವಾರಕ್ಕೇ ಹುಟ್ಟಿದಳು, 910 ಗ್ರಾಂ. ಇವತ್ತಿಗೆ ಆರು ದಿನ. ಉಸಿರಿಗೆ ಸಿಪ್ಯಾಪ್ (ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡೋ ಯಂತ್ರ) ಹಾಕಿದ್ದಾರೆ, ಹೊಕ್ಕುಳಿನ ಲೈನಿನಿಂದ ಟಿಪಿಎನ್, ಅಂದ್ರೆ ರಕ್ತನಾಳಕ್ಕೆ ನೇರವಾಗಿ ಕೊಡೋ ಆಹಾರ, ಹೋಗ್ತಾ ಇದೆ. ಕಾಮಾಲೆ ಅಂತ ನಿನ್ನೆಯಿಂದ ನೀಲಿ ದೀಪನೂ ಇಟ್ಟಿದ್ದಾರೆ.

ಪಕ್ಕದ ಇನ್‌ಕ್ಯುಬೇಟರಿನ ಮಗುವಿನ ಟಿಪಿಎನ್ ಬ್ಯಾಗಿಗೆ ಕಂದು ಕವರ್ ಇದೆ, ಟ್ಯೂಬು ಕಿತ್ತಳೆ ಬಣ್ಣದ್ದು. ನನ್ನ ಮಗಳದ್ದು ಮಾಮೂಲಿ ಪಾರದರ್ಶಕ ಟ್ಯೂಬು. ಒಳಗೆ ಹಳದಿ ನೀರು ಕಾಣುತ್ತೆ. ಅದು ದೀಪದ ಕೆಳಗೇ ಒಂದು ಸುತ್ತು ಸುತ್ತಿಕೊಂಡು ಬಿದ್ದಿದೆ. ಸಿಸ್ಟರ್‌ನ ಕೇಳಿದೆ. "ಆ ಸೆಟ್ ಖಾಲಿಯಾಗಿದೆ, ನಾಳೆ ಬರುತ್ತೆ, ಏನೂ ಆಗಲ್ಲ" ಅಂದ್ರು. ರಾತ್ರಿಯೆಲ್ಲ ಕೂತು ಓದಿದೆ. ಬೆಳಕು ಬಿದ್ದರೆ ಟಿಪಿಎನ್‌ನಲ್ಲಿ ಪೆರಾಕ್ಸೈಡ್ ಹುಟ್ಟುತ್ತೆ, ತಿಂಗಳು ತುಂಬದ ಮಕ್ಕಳಿಗೆ ಅದು ಒಳ್ಳೇದಲ್ಲ ಅಂತೆಲ್ಲ ಬರೆದಿದೆ. ಇದು ನಿಜಾನಾ? ನಿಜ ಆದ್ರೆ ಟಿಪಿಎನ್ ನಿಲ್ಲಿಸಿ ಅಂತ ಕೇಳಬೇಕಾ? ಹೆಂಡತಿಗೆ ಇನ್ನೂ ಹೇಳಿಲ್ಲ, ಅವಳು ಮೊದಲೇ ಸೋತು ಹೋಗಿದ್ದಾಳೆ.

ಅವಳಿ_ಅಮ್ಮ

ಮೊದಲು ಒಂದು ಮಾತು: ಟಿಪಿಎನ್ ನಿಲ್ಲಿಸಿ ಅಂತ ಮಾತ್ರ ಕೇಳಬೇಡಿ. ನನ್ನ ಇಬ್ಬರೂ 28 ವಾರದವರು, ಹತ್ತೊಂಬತ್ತು ದಿನ ಅದರ ಮೇಲೇ ಇದ್ದರು. ಈಗ ಒಂದನೇ ಕ್ಲಾಸು. ಉಳಿದದ್ದು ತಿಳಿದವರು ಹೇಳಲಿ.

ಪ್ರಕೃತಿಪ್ರಿಯ

ನೀವೇ ಓದಿದ್ದೀರಲ್ಲ, ಇನ್ನೇನು ಕೇಳ್ತೀರಿ? ರಕ್ತನಾಳಕ್ಕೆ ನೇರವಾಗಿ ಎಣ್ಣೆ, ಸಕ್ಕರೆ, ಕೆಮಿಕಲ್ ಸುರಿದರೆ ಅಷ್ಟು ಎಳೆಯ ಜೀವ ತಡ್ಕೊಳ್ಳುತ್ತಾ? ತಾಯಿ ಹಾಲು ಬಿಟ್ಟು ಬೇರೆ ಯಾವುದೂ ಬೇಡ ಅಂತ ಗಟ್ಟಿಯಾಗಿ ಹೇಳಿ.

ರಾತ್ರಿಪಾಳಿ

ಪ್ರಕೃತಿಪ್ರಿಯ ಅವರೇ, ಹದಿನಾಲ್ಕು ವರ್ಷದಿಂದ ಎನ್‌ಐಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನರ್ಸ್ ಆಗಿದ್ದೀನಿ. ದಯವಿಟ್ಟು ಒಬ್ಬ ಅಪ್ಪನಿಗೆ ಈ ಸಮಯದಲ್ಲಿ ಇಂಥ ಸಲಹೆ ಕೊಡಬೇಡಿ. 910 ಗ್ರಾಂ ಮಗುವಿನ ಕರುಳು ಆರನೇ ದಿನಕ್ಕೆ ಪೂರ್ತಿ ಹಾಲು ಜೀರ್ಣ ಮಾಡ್ಕೊಳ್ಳೋ ಸ್ಥಿತಿಯಲ್ಲಿ ಇರಲ್ಲ. ಒಂದೊಂದೇ ಎಂಎಲ್ ಕೊಟ್ಟು, ಹೊಟ್ಟೆ ಉಬ್ಬರಿಸಿದೆಯಾ, ಮೂಗಿನ ನಳಿಗೆಯಲ್ಲಿ ಹಸಿರು ಬರ್ತಿದೆಯಾ ಅಂತ ನೋಡ್ತಾ ನೋಡ್ತಾ ಏರಿಸ್ತೀವಿ. ಅಲ್ಲೀವರೆಗೆ ಮಗು ಏನು ತಿನ್ನಬೇಕು?

ಇನ್ನು ಅಪ್ಪನ ಪ್ರಶ್ನೆಗೆ. ಬೆಳಕಿನ ವಿಷಯ ನಿಜ. ನಿಮ್ಮ ಸಿಸ್ಟರ್ "ಏನೂ ಆಗಲ್ಲ" ಅಂದದ್ದು ತಪ್ಪು, ಆದರೆ ಅವರಿಗೆ ಕಾಳಜಿ ಇಲ್ಲ ಅಂತ ಅಲ್ಲ. ಇದನ್ನ ಎಷ್ಟೋ ಕಡೆ ಹೇಳಿಕೊಡೋದೇ ಇಲ್ಲ. ನನಗೂ ಮೊದಲ ಐದಾರು ವರ್ಷ ಗೊತ್ತಿರಲಿಲ್ಲ. ಎಷ್ಟು ಮಕ್ಕಳ ಟ್ಯೂಬನ್ನ ನಾನೇ ದೀಪದ ಕೆಳಗೆ ಸುತ್ತಿಟ್ಟಿದ್ದೀನೋ. ಅದನ್ನ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ.

ಮೇಷ್ಟ್ರು_ಕೆಮಿಸ್ಟ್ರಿ

ಆ ಹಳದಿ ಬಣ್ಣದ ಬಗ್ಗೆ ಹೇಳ್ತೀನಿ, ಇಡೀ ಕಥೆ ಅದರಲ್ಲೇ ಇದೆ. ಹಳದಿ ಬಂದಿರೋದು ರೈಬೋಫ್ಲೇವಿನ್‌ನಿಂದ, ಅಂದ್ರೆ ಬಿ2 ವಿಟಮಿನ್. ಟಿಪಿಎನ್‌ಗೆ ಮಲ್ಟಿವಿಟಮಿನ್ ಬೆರೆಸಿದಾಗ ಅದೂ ಜೊತೆಗೆ ಬರುತ್ತೆ. ಒಂದು ವಸ್ತು ಹಳದಿ ಕಾಣುತ್ತೆ ಅಂದ್ರೆ ಅದು ನೀಲಿ ಬೆಳಕನ್ನ ಹೀರ್ಕೊಳ್ತಿದೆ ಅಂತ ಅರ್ಥ. ರೈಬೋಫ್ಲೇವಿನ್ ಚೆನ್ನಾಗಿ ಹೀರೋದು ಸುಮಾರು 445 ನ್ಯಾನೋಮೀಟರಿನ ಬೆಳಕನ್ನ. ಕಾಮಾಲೆ ದೀಪ ಇರೋದು 460ರ ಆಸುಪಾಸಿನಲ್ಲಿ. ಎರಡೂ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂರುತ್ತವೆ.

ಬೆಳಕು ಹೀರಿದ ರೈಬೋಫ್ಲೇವಿನ್ ಕೆರಳಿ ನಿಲ್ಲುತ್ತೆ. ಪಕ್ಕದಲ್ಲಿರೋ ಸಿ ವಿಟಮಿನ್‌ನಿಂದಲೋ ಅಮೈನೋ ಆಮ್ಲದಿಂದಲೋ ಎಲೆಕ್ಟ್ರಾನ್ ಕಿತ್ತುಕೊಂಡು ನೀರಲ್ಲಿ ಕರಗಿರೋ ಆಮ್ಲಜನಕಕ್ಕೆ ದಾಟಿಸುತ್ತೆ. ಕೊನೆಗೆ ಹುಟ್ಟೋದು ಹೈಡ್ರೋಜನ್ ಪೆರಾಕ್ಸೈಡ್. ರೈಬೋಫ್ಲೇವಿನ್ ಮತ್ತೆ ಮೊದಲಿನಂತಾಗಿ ಇನ್ನೊಂದು ಸುತ್ತಿಗೆ ತಯಾರು. ಈ ಗಲಾಟೆಯಲ್ಲಿ ಸ್ವಲ್ಪ ಸ್ವಲ್ಪ ರೈಬೋಫ್ಲೇವಿನ್ನೂ ಒಡೆದು ಹಾಳಾಗುತ್ತೆ, ಅದಕ್ಕೇ ತುಂಬ ಹೊತ್ತು ಬೆಳಕಿಗಿಟ್ಟ ದ್ರಾವಣದ ಹಳದಿ ಪೇಲವ ಆಗುತ್ತೆ. ಮಗುವಿಗೆ ಬೇಕಾದ ವಿಟಮಿನ್ ಕಮ್ಮಿ, ಬೇಡದ ಪೆರಾಕ್ಸೈಡ್ ಜಾಸ್ತಿ.

ಹೊಸಬ22

ಪೆರಾಕ್ಸೈಡ್ ಅಂದ್ರೆ ಗಾಯ ತೊಳೆಯೋಕೆ ಹಾಕ್ತಾರಲ್ಲ, ನೊರೆ ಬರುತ್ತಲ್ಲ, ಅದೇನಾ???

ಮೇಷ್ಟ್ರು_ಕೆಮಿಸ್ಟ್ರಿ

ಅದೇ ಅಣು. ಆದರೆ ಅಲ್ಲಿ 3 ಪರ್ಸೆಂಟ್ ದ್ರಾವಣ, ಇಲ್ಲಿ ಲೀಟರಿಗೆ ಕೆಲವು ನೂರು ಮೈಕ್ರೋಮೋಲ್ ಮಟ್ಟದ್ದು, ಸಾವಿರಾರು ಪಟ್ಟು ತೆಳು. ಗಾಬರಿ ಬೇಡ. ಹಾಗಂತ ತಳ್ಳಿಹಾಕೋ ಹಾಗೂ ಇಲ್ಲ. ಇದು ದಿನದ 24 ಗಂಟೆ, ವಾರಗಟ್ಟಲೆ, ನೇರವಾಗಿ ರಕ್ತಕ್ಕೆ ಹೋಗುತ್ತೆ.

ಪ್ರಕೃತಿಪ್ರಿಯ

ನಾನು ಹೇಳಿದ್ದೂ ಅದೇ ತಾನೇ! ವಿಷ ಅಂತ ನೀವೇ ಒಪ್ಪಿಕೊಂಡಿರಿ.

ಮಕ್ಕಳಡಾಕ್ಟ್ರು

ಒಪ್ಪಿಕೊಂಡಿಲ್ಲ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಒಂದು ಕೆ.ಜಿ. ತೂಕದ ಅವಧಿಪೂರ್ವ ಶಿಶುವಿನ ಮೈಯಲ್ಲಿ ಕೊಬ್ಬು ಅನ್ನೋದು ಹೆಸರಿಗೆ ಮಾತ್ರ. ಹೊರಗಿನಿಂದ ಏನೂ ಕೊಡದಿದ್ದರೆ ಅದರ ದಾಸ್ತಾನು ಸುಮಾರು 4 ದಿನಕ್ಕೆ ಮುಗಿದುಹೋಗುತ್ತೆ ಅಂತ ಲೆಕ್ಕ. ಗ್ಲೂಕೋಸ್ ಡ್ರಿಪ್ ಒಂದನ್ನೇ ಹಾಕಿದರೆ ಮಗು ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತೆ. ಲಿಪಿಡ್, ಅಂದ್ರೆ ಕೊಬ್ಬು, ಕೊಡದಿದ್ದರೆ ಅಗತ್ಯ ಕೊಬ್ಬಿನಾಮ್ಲದ ಕೊರತೆ ಕೆಲವೇ ದಿನಗಳಲ್ಲಿ ಶುರು. ಮಿದುಳು ಬೆಳೆಯೋದೇ ಆ ವಾರಗಳಲ್ಲಿ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ರೆಟ್‌ಲಿಂಡ್ ಸೋಯಾ ಎಣ್ಣೆಯನ್ನ ರಕ್ತನಾಳಕ್ಕೆ ಕೊಡಬಹುದಾದ ರೂಪಕ್ಕೆ ತಂದರು. ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡಡ್ರಿಕ್ ಮೊದಲು ಬೀಗಲ್ ನಾಯಿಮರಿಗಳನ್ನ ಬರೀ ಐವಿ (ರಕ್ತನಾಳದ ಮೂಲಕ ಕೊಡೋ) ಪೋಷಣೆಯಲ್ಲಿ ಬೆಳೆಸಿ ತೋರಿಸಿದರು. ಆಮೇಲೆ ಕರುಳೇ ಕೆಲಸ ಮಾಡದ ಒಂದು ಹಸುಗೂಸನ್ನ ಅದೇ ರೀತಿ ಬೆಳೆಸಿದ್ದು 1968ರಲ್ಲಿ ಪ್ರಕಟವಾಯ್ತು. ಅದಕ್ಕೆ ಮುಂಚೆ ಇಂಥ ಮಕ್ಕಳು ಹಸಿವಿನಿಂದಲೇ ಹೋಗ್ತಿದ್ದವು.

ಇನ್ನು ಬೆಳಕಿನ ವಿಷಯ. ಕೆನಡಾದ ಫಿಲಿಪ್ ಶೆಸೆ ಮತ್ತು ಸಂಗಡಿಗರು ಇದರ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ನಾಲ್ಕು ಪ್ರಯೋಗಗಳ 800 ಅವಧಿಪೂರ್ವ ಶಿಶುಗಳ ಮಾಹಿತಿಯನ್ನ ಒಟ್ಟುಗೂಡಿಸಿ ನೋಡಿದಾಗ, ಟಿಪಿಎನ್‌ಗೆ ಬೆಳಕು ತಾಗದಂತೆ ಕೊಟ್ಟ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧದಷ್ಟು ಕಂಡಿತು. 2017ರ ವಿಶ್ಲೇಷಣೆ ಅದು. 2019ರಲ್ಲಿ ಯುರೋಪಿನ ಔಷಧ ಸಂಸ್ಥೆ ಇಎಂಎ, ಅಮೈನೋ ಆಮ್ಲ ಅಥವಾ ಲಿಪಿಡ್ ಇರುವ ಯಾವುದೇ ಐವಿ ಪೋಷಣೆಯನ್ನ 2 ವರ್ಷದೊಳಗಿನ ಮಕ್ಕಳಿಗೆ ಕೊಡುವಾಗ ಕೊಟ್ಟು ಮುಗಿಯೋವರೆಗೂ ಬೆಳಕಿನಿಂದ ಕಾಪಾಡಬೇಕು ಅಂತ ಹೇಳಿತು. ಅಮೆರಿಕದ ಪೋಷಣೆ ತಜ್ಞರ ಸಂಸ್ಥೆ ಆಸ್ಪೆನ್ 2021ರಲ್ಲಿ ಅವಧಿಪೂರ್ವ ಶಿಶುಗಳಿಗೆ ಅದನ್ನೇ ಹೇಳಿತು.

ಹಾಗಾಗಿ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಟಿಪಿಎನ್ ಬೇಕು. ಅದಕ್ಕೆ ಹೊದಿಕೆಯೂ ಬೇಕು.

ಸುಮ್ನೆಓದುವವಳು

ಅರ್ಧದಷ್ಟು! ಒಂದು ಬಣ್ಣದ ಟ್ಯೂಬಿನಿಂದ? ನಂಬೋಕೇ ಕಷ್ಟ ಆಗ್ತಿದೆ ಡಾಕ್ಟ್ರೇ.

ಮಕ್ಕಳಡಾಕ್ಟ್ರು

ನಿಮ್ಮ ಅನುಮಾನ ಸರಿಯಾಗೇ ಇದೆ. ನಾಲ್ಕೇ ಪ್ರಯೋಗ, 800 ಮಕ್ಕಳು ಅಂದ್ರೆ ದೊಡ್ಡ ಸಂಖ್ಯೆ ಅಲ್ಲ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬಿಪಿಡಿ ಕಮ್ಮಿಯಾಗುತ್ತಾ ಅಂತ ನೋಡಿದಾಗ ಉತ್ತರ ಇಷ್ಟು ಸ್ಪಷ್ಟವಾಗಿ ಬಂದಿಲ್ಲ. ಅರ್ಧ ಅನ್ನೋ ಅಂಕಿ ನಾಳೆ ಬದಲಾಗಬಹುದು. ಆದರೆ ಮುಚ್ಚಿದ್ದರಿಂದ ಮಕ್ಕಳಿಗೆ ಕೆಡುಕಾಗಿದ್ದು ಕಂಡಿಲ್ಲ, ಮುಚ್ಚೋದು ಕಷ್ಟದ ಕೆಲಸವೂ ಅಲ್ಲ. ಇನ್ನೂ ದೊಡ್ಡ ಪುರಾವೆ ಬರಲಿ ಅಂತ ಕಾಯೋದರಲ್ಲಿ ನನಗೆ ಅರ್ಥ ಕಾಣಿಸಲ್ಲ.

27ವಾರದಪ್ಪ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿಲ್ಲಿಸಿ ಅಂತ ಕೇಳಲ್ಲ. ಆದರೆ ಒಂದು ಅರ್ಥ ಆಗ್ಲಿಲ್ಲ, ನಮ್ಮ ಮೈಯಲ್ಲೂ ಪೆರಾಕ್ಸೈಡ್ ಹುಟ್ಟುತ್ತೆ ಅಂತಾರಲ್ಲ? ಬೇಗ ಹುಟ್ಟಿದ ಮಗುವಿಗೆ ಮಾತ್ರ ಯಾಕೆ ತೊಂದರೆ?

ಮಕ್ಕಳಡಾಕ್ಟ್ರು

ಹುಟ್ಟುತ್ತೆ, ಪ್ರತಿ ಕ್ಷಣ. ಅದನ್ನ ಆರಿಸೋಕೆ ಕ್ಯಾಟಲೇಸ್, ಗ್ಲೂಟಥಯೋನ್ ಮುಂತಾದ ಕಾವಲು ಪಡೆ ನಮ್ಮಲ್ಲಿದೆ. ಗರ್ಭದಲ್ಲಿ ಆಮ್ಲಜನಕ ಕಮ್ಮಿ, ಹಾಗಾಗಿ ಅಲ್ಲಿ ಆ ಪಡೆಯ ಅಗತ್ಯವೂ ಕಮ್ಮಿ. ಅದು ಬಲಿಯೋದು ಕೊನೆಯ ಮೂರು ತಿಂಗಳಲ್ಲಿ, ಹೊರಗಿನ ಗಾಳಿಗೆ ತಯಾರಾಗೋಕೆ. ತಾಯಿಯಿಂದ ಇ ವಿಟಮಿನ್, ಸೆಲೆನಿಯಂ ತುಂಬಿಕೊಳ್ಳೋದೂ ಹೆಚ್ಚಾಗಿ ಆಗಲೇ. ನಿಮ್ಮ ಮಗಳು 27 ವಾರಕ್ಕೇ ಬಂದುಬಿಟ್ಟಳು. ಗ್ಲೂಟಥಯೋನ್ ಕಟ್ಟೋಕೆ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಬೇಕು, ಅದನ್ನ ತಾನೇ ಸಾಕಷ್ಟು ತಯಾರಿಸಿಕೊಳ್ಳೋ ಶಕ್ತಿ ಅವಳ ಪಿತ್ತಜನಕಾಂಗಕ್ಕೆ ಇನ್ನೂ ಬಂದಿಲ್ಲ. ಇತ್ತ ಕಡೆ ಆಕ್ಸಿಜನ್, ಸೋಂಕು, ರಕ್ತ ಹಾಕಿದರೆ ಅದರ ಕಬ್ಬಿಣ, ಎಲ್ಲವೂ ಉತ್ಕರ್ಷಣವನ್ನ, ಅಂದ್ರೆ ಆಕ್ಸಿಜನ್‌ನಿಂದ ಜೀವಕೋಶ ಕೆಡೋದನ್ನ, ಏರಿಸುವಂಥವೇ. ಅದರ ಮೇಲೆ ಟಿಪಿಎನ್‌ನ ಪೆರಾಕ್ಸೈಡ್ ಬೇರೆ.

ನಾರ್ವೆಯ ಓಲಾ ಸಾಗ್‌ಸ್ಟಾಡ್ 1980ರ ದಶಕದಲ್ಲೇ ಬಿಪಿಡಿ, ಕಣ್ಣಿನ ಆರ್‌ಒಪಿ, ಕರುಳಿನ ಎನ್‌ಇಸಿ ಇವನ್ನೆಲ್ಲ ಒಂದೇ ಬೇರಿನ ಕಾಯಿಲೆಗಳು, ಕೆರಳಿದ ಆಕ್ಸಿಜನ್ ಅಂದ್ರೆ ಆಕ್ಸಿಜನ್ ರ‍್ಯಾಡಿಕಲ್‌ನಿಂದ ಬರುವಂಥವು ಅಂತ ನೋಡಿದ್ದರು.

ಹೊಸಬ22

ಹಾಗಾದ್ರೆ ಆಂಟಿ ಆಕ್ಸಿಡೆಂಟ್ ಜಾಸ್ತಿ ಕೊಟ್ಟುಬಿಟ್ರೆ ಆಯ್ತಲ್ಲ. ಇ ವಿಟಮಿನ್ ಇಂಜೆಕ್ಷನ್ ಇದೆ ಅಲ್ವಾ.

ಮದ್ದುಮನೆ

ಆಸ್ಪತ್ರೆ ಫಾರ್ಮಸಿಸ್ಟ್ ನಾನು, ಟಿಪಿಎನ್ ಬೆರೆಸೋದೇ ನನ್ನ ಕೆಲಸ. ಈ ಯೋಚನೆ ಎಲ್ಲರಿಗೂ ಮೊದಲು ಬರುತ್ತೆ, ಮತ್ತೆ ಮತ್ತೆ ಕೈ ಸುಟ್ಟಿರೋದೂ ಇದರಿಂದಲೇ. 1984ರಲ್ಲಿ ಅಮೆರಿಕದಲ್ಲಿ ಇ ವಿಟಮಿನ್‌ನ ಒಂದು ಐವಿ ತಯಾರಿಕೆಯನ್ನ ಸರಿಯಾಗಿ ಪರೀಕ್ಷಿಸದೆ ಅವಧಿಪೂರ್ವ ಮಕ್ಕಳಿಗೆ ಕೊಟ್ಟು 38 ಮಕ್ಕಳು ತೀರಿಕೊಂಡವು. ಆ ತಯಾರಿಕೆಯಲ್ಲಿ ಇ ವಿಟಮಿನ್ ಕರಗಿಸೋಕೆ ಪಾಲಿಸಾರ್ಬೇಟ್ ತುಂಬ ಹಾಕಿದ್ದರು. ಆ ತಯಾರಿಕೆ ಹೋಗಲಿ, ಮಾಮೂಲಿ ಇ ವಿಟಮಿನ್ನೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ರಕ್ತದ ಸೋಂಕು ಜಾಸ್ತಿಯಾಗಿದ್ದು ಕಂಡಿದೆ. 2003ರಲ್ಲಿ ಮೈಗೆ ಸಿಸ್ಟೀನ್ ಒದಗಿಸೋ ಅಸಿಟೈಲ್ ಸಿಸ್ಟೀನ್ ಅನ್ನೋ ಔಷಧದ ಪ್ರಯೋಗ ಬಂತು, ಅದೂ ಬಿಪಿಡಿ ತಡೆಯಲಿಲ್ಲ. ಬೆಂಕಿ ಹತ್ತಿಸಿ ಆಮೇಲೆ ನೀರು ಹುಡುಕೋದಕ್ಕಿಂತ ಬೆಂಕಿಯನ್ನೇ ಹತ್ತಿಸದೆ ಇರೋದು ಸುಲಭ ಅಲ್ವಾ? ಟ್ಯೂಬು ಮುಚ್ಚೋದು ಅಂದ್ರೆ ಅಷ್ಟೇ.

ಸುಮ್ನೆಓದುವವಳು

ಹಂಗಾದ್ರೆ ವಿಟಮಿನ್ ಬೆರೆಸೋದನ್ನೇ ಬಿಡಬಹುದಲ್ಲ? ಬಿ2 ಇಲ್ದಿದ್ರೆ ಪೆರಾಕ್ಸೈಡೂ ಇಲ್ಲ.

ಮದ್ದುಮನೆ

ಬಿಡೋ ಹಾಗಿಲ್ಲ. ಅದೇ ಮಲ್ಟಿವಿಟಮಿನ್‌ನಲ್ಲಿ ಬಿ1 ಇದೆ. ಬಿ1 ಇಲ್ಲದೆ ಗ್ಲೂಕೋಸ್ ಸುರಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಿ ಜೀವಕ್ಕೇ ಸಂಚಕಾರ. ಮಲ್ಟಿವಿಟಮಿನ್ ಪೂರೈಕೆಯೇ ಕಮ್ಮಿಯಾಗಿದ್ದ ಕಾಲದಲ್ಲಿ ಹೀಗೆ ಆಗಿದೆ. ಅಲ್ಲದೆ ಬಿ2 ಇಲ್ಲದಿದ್ದರೂ ಲಿಪಿಡ್ ತಾನೇ ಬೆಳಕಿಗೆ ಕೆಡುತ್ತೆ, ನಿಧಾನಕ್ಕೆ. ಎಣ್ಣೆ ಕಮಟು ಹಿಡಿಯುತ್ತಲ್ಲ, ಅದೇ ಕ್ರಿಯೆ. ಸೋಯಾ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧ ಜಾಸ್ತಿ, ಆಕ್ಸಿಜನ್ ಬಂದು ಹಿಡಿಯೋದೇ ಅಲ್ಲಿ. ಈಗ ಸೋಯಾ, ಎಂಸಿಟಿ (ಮಧ್ಯಮ ಉದ್ದದ ಸರಪಳಿಯ ಕೊಬ್ಬು), ಆಲಿವ್, ಮೀನೆಣ್ಣೆ ನಾಲ್ಕೂ ಬೆರೆಸಿದ ಲಿಪಿಡ್ ಬರುತ್ತೆ, ಅದಕ್ಕೆ ಇ ವಿಟಮಿನ್ ಹೆಚ್ಚಿಗೆ ಸೇರಿಸಿರ್ತಾರೆ. ಅದನ್ನೂ ಮುಚ್ಚಲೇಬೇಕು.

ಇನ್ನೊಂದು, ಇದನ್ನ ಯಾರೂ ಯೋಚನೆ ಮಾಡಲ್ಲ. ಬ್ಯಾಗಿಗೆ ಕವರ್ ಹಾಕಿ ಟ್ಯೂಬು ಬಿಟ್ಟರೆ ಕೆಲಸ ಮುಗಿಯಲ್ಲ. ಲೆಕ್ಕ ನೋಡಿ. 910 ಗ್ರಾಂ ಮಗುವಿಗೆ ಕೆ.ಜಿ.ಗೆ 3 ಗ್ರಾಂ ಲಿಪಿಡ್ ಅಂದ್ರೆ ದಿನಕ್ಕೆ 2.7 ಗ್ರಾಂ ಚಿಲ್ಲರೆ. 20 ಪರ್ಸೆಂಟ್ ಲಿಪಿಡ್‌ನಲ್ಲಿ ಅದು ಸುಮಾರು 13.6 ಎಂಎಲ್. ಗಂಟೆಗೆ 0.57 ಎಂಎಲ್! ಟ್ಯೂಬಿನೊಳಗೆ 2 ಎಂಎಲ್ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಸಿರಿಂಜಿನಿಂದ ಹೊರಟ ಒಂದು ಹನಿ ಮಗುವನ್ನ ಮುಟ್ಟೋಕೆ ಮೂರೂವರೆ ಗಂಟೆ ಬೇಕು. ಅಷ್ಟೂ ಹೊತ್ತು ಆ ತೆಳ್ಳನೆ ಟ್ಯೂಬಿನಲ್ಲಿ, ದೀಪದ ಕೆಳಗೆ. ದೊಡ್ಡವರಿಗೆ ಹಾಕೋ ಡ್ರಿಪ್ ಸರಸರ ಇಳಿದುಹೋಗುತ್ತೆ, ಇಲ್ಲಿ ಹಾಗಲ್ಲ.

27ವಾರದಪ್ಪ

ಮೂರೂವರೆ ಗಂಟೆ... ಆ ಸುತ್ತಿಕೊಂಡ ಟ್ಯೂಬು ಕಣ್ಣ ಮುಂದೆ ಬರ್ತಿದೆ. ಈಗಲೇ ಹೋಗಿ ಅಡುಗೆಮನೆ ಫಾಯಿಲ್ ಸುತ್ತಿಬಿಡಲಾ?

ರಾತ್ರಿಪಾಳಿ

ಬೇಡ! ನೀವಾಗಿ ಲೈನ್ ಮುಟ್ಟಲೇಬೇಡಿ. ಆ ಲೈನ್ ಹೊಕ್ಕುಳಿನ ಮೂಲಕ ಹೃದಯದ ಹತ್ತಿರಕ್ಕೆ ಹೋಗಿರುತ್ತೆ. ಒಂದು ಎಳೆತಕ್ಕೆ ಜಾರಬಹುದು, ಕೈಯಿಂದ ಸೋಂಕು ಹತ್ತಬಹುದು. ಲೈನಿನ ಸೋಂಕು ಪೆರಾಕ್ಸೈಡಿಗಿಂತ ಬೇಗ ಕೊಲ್ಲುತ್ತೆ.

ಡ್ಯೂಟಿ ಸಿಸ್ಟರ್ ಹತ್ತಿರ ಮೂರು ವಿಷಯ ಕೇಳಿ, ಜಗಳದ ಧ್ವನಿಯಲ್ಲಿ ಬೇಡ. ಟ್ಯೂಬನ್ನ ದೀಪದ ಬೆಳಕಿನಿಂದ ಆಚೆ ಹಾಯಿಸೋಕೆ ಆಗುತ್ತಾ? ಬಣ್ಣದ ಸೆಟ್ ಬರೋವರೆಗೆ ಸಿರಿಂಜು, ಬ್ಯಾಗು, ಟ್ಯೂಬಿಗೆ ಅವರೇ ಏನಾದರೂ ಸುತ್ತುತ್ತಾರಾ? ನಾಳೆ ಸೆಟ್ ಬದಲಾಯಿಸುವಾಗ ನಮ್ಮ ಮಗುವಿಗೆ ಕಿತ್ತಳೆದು ಸಿಗುತ್ತಾ? ಟಿಪಿಎನ್ ಸೆಟ್ ದಿನಕ್ಕೊಮ್ಮೆ ಬದಲಾಯಿಸ್ತೀವಿ, ಆ ಸಮಯ ಯಾವಾಗ ಅಂತ ತಿಳ್ಕೊಂಡು ಅದಕ್ಕೆ ಮುಂಚೆ ಹೋಗಿ ಕೇಳಿ.

ಲೈನ್ ಚರ್ಮ ಸೇರೋ ಜಾಗ ಮಾತ್ರ ಯಾವಾಗಲೂ ಕಾಣ್ತಿರಬೇಕು, ಅಲ್ಲಿ ಊದಿದೆಯಾ ಕೆಂಪಾಗಿದೆಯಾ ಅಂತ ಗಂಟೆಗೊಮ್ಮೆ ನೋಡ್ತೀವಿ. ಬಣ್ಣದ ಟ್ಯೂಬು ಫಾಯಿಲ್‌ಗಿಂತ ವಾಸಿ ಅನ್ನೋದು ಇದಕ್ಕೇ, ಗಾಳಿ ಗುಳ್ಳೆ ಬಂದರೆ ಕಾಣುತ್ತೆ.

ಮದ್ದುಮನೆ

ಟ್ಯೂಬಿನೊಳಗೆ ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಕಟ್ಟಿದರೂ ಕಾಣಬೇಕು. ಅದು ಸಣ್ಣ ವಿಷಯ ಅಲ್ಲ.

ಅವಳಿ_ಅಮ್ಮ

ಇಷ್ಟು ವರ್ಷ ಆದಮೇಲೆ ಈಗ ಗೊತ್ತಾಗ್ತಿದೆ, ನನ್ನ ಮಕ್ಕಳ ಬ್ಯಾಗಿಗೆ ಏನೂ ಹೊದಿಸಿರಲಿಲ್ಲ. ಫೋಟೋ ತೆಗೆದು ನೋಡಿದೆ, ಕಿಟಕಿ ಪಕ್ಕ ಹಳದಿ ಬ್ಯಾಗು ಹೊಳೀತಾ ನೇತಾಡ್ತಿದೆ. ಕಿರಿಯವನಿಗೆ ಆರು ತಿಂಗಳವರೆಗೂ ಆಕ್ಸಿಜನ್ ಬೇಕಾಯ್ತು. ಅದಕ್ಕೂ ಇದಕ್ಕೂ ಸಂಬಂಧ ಇತ್ತಾ ಅಂತ ಕೇಳೋಕೂ ಭಯ.

ಮಕ್ಕಳಡಾಕ್ಟ್ರು

ಅಮ್ಮ, ಒಂದು ಮಗುವಿನ ಬಿಪಿಡಿಗೆ ಇದೇ ಕಾರಣ ಅಂತ ಯಾರೂ ಹೇಳೋಕೆ ಬರಲ್ಲ. ಬೇಗ ಹುಟ್ಟಿದ್ದು, ವೆಂಟಿಲೇಟರ್, ಆಕ್ಸಿಜನ್, ಸೋಂಕು, ಎಲ್ಲ ಸೇರಿ ಆಗೋದು ಅದು. ಇಬ್ಬರಿಗೂ ಅದೇ ಬ್ಯಾಗು ಇತ್ತಲ್ಲ, ದೊಡ್ಡವನಿಗೆ ಬರಲಿಲ್ಲ ನೋಡಿ. ಆ ಬ್ಯಾಗು ಇಲ್ಲದಿದ್ದರೆ ಇಬ್ಬರೂ ಇರುತ್ತಿರಲಿಲ್ಲ.

ಕೆಂಪುಕನ್ನಡಕ

ಆಕ್ಸಿಜನ್ ಮಾತು ಬಂತಲ್ಲ. ನನ್ನ ಮಗಳಿಗೆ ಆರ್‌ಒಪಿ ಆಗಿ ಲೇಸರ್ ಮಾಡಿಸಿದೆವು. 27ವಾರದಪ್ಪ ಅವರೇ, ಆಕ್ಸಿಜನ್ ಎಷ್ಟಾಗುತ್ತೋ ಅಷ್ಟು ಇಳಿಸಿ ಅಂತ ಹಿಂದೆ ಬೀಳಿ. ಎಲ್ಲದಕ್ಕೂ ಮೂಲ ಅದೇ.

ಮಕ್ಕಳಡಾಕ್ಟ್ರು

ನಿಮ್ಮ ನೋವು ಅರ್ಥ ಆಗುತ್ತೆ, ಆದರೆ ಇದನ್ನ ತಿದ್ದಲೇಬೇಕು. 1940-50ರ ದಶಕದಲ್ಲಿ ಮಿತಿಯಿಲ್ಲದೆ ಆಕ್ಸಿಜನ್ ಕೊಟ್ಟು ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳ ಕಣ್ಣು ಹೋಯ್ತು. ಅದಕ್ಕೆ ಹೆದರಿ ಮನಬಂದಂತೆ ಇಳಿಸಿದಾಗ ಜೀವಗಳೇ ಹೋದವು. 2010ರ ಸಪೋರ್ಟ್ ಅನ್ನೋ ಪ್ರಯೋಗದಲ್ಲಿ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 85ರಿಂದ 89 ಪರ್ಸೆಂಟ್‌ನಲ್ಲಿ ಇಟ್ಟ ಮಕ್ಕಳಿಗೆ ತೀವ್ರ ಆರ್‌ಒಪಿ ಕಮ್ಮಿ ಇತ್ತು, ಆದರೆ 91ರಿಂದ 95ರಲ್ಲಿ ಇಟ್ಟವರಿಗಿಂತ ಸಾವು ಹೆಚ್ಚಿತ್ತು. ಈಗ ಬಹಳಷ್ಟು ಕಡೆ 90ರಿಂದ 95 ಇಡ್ತೀವಿ. ಮೀಟರಿನ ಅಲಾರಂ ಆ ಮಿತಿಗೆ ಹಾಕಿದ್ದಾರಾ ಅಂತ ಬೇಕಾದರೆ ಕೇಳಿ. ಕಣ್ಣಿನ ತಪಾಸಣೆ ಯಾವ ತಾರೀಕಿಗೆ ಅಂತ ಬರೆದಿಟ್ಟುಕೊಳ್ಳಿ, ಅದನ್ನ ಮಾತ್ರ ಮರೆಯಬೇಡಿ.

ಕೆಂಪುಕನ್ನಡಕ

ಸಾವಿನ ವಿಷಯ ನನಗೆ ಗೊತ್ತಿರಲಿಲ್ಲ ಡಾಕ್ಟ್ರೇ. ಮೇಲಿನ ಮಾತು ವಾಪಸ್ ತಗೊಳ್ತೀನಿ. ಕಣ್ಣಿನ ತಪಾಸಣೆ ಮಾತ್ರ ದಯವಿಟ್ಟು ತಪ್ಪಿಸಬೇಡಿ ಅಪ್ಪ.

ಪ್ರಕೃತಿಪ್ರಿಯ

ಸರಿ, ಟಿಪಿಎನ್ ಮೊದಲು ಬೇಕು ಅಂತ ಒಪ್ಪಿದೆ. 4 ದಿನದ ದಾಸ್ತಾನು ಅನ್ನೋದು ನನಗೆ ತಿಳಿದಿರಲಿಲ್ಲ. ಆದರೆ ತಾಯಿ ಹಾಲಿನ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ?

ರಾತ್ರಿಪಾಳಿ

ಅದರಲ್ಲಿ ನಾನು ನಿಮ್ಮ ಕಡೆಗೇ. ಹಾಲು ಎಷ್ಟು ಬೇಗ ಏರುತ್ತೋ ಅಷ್ಟು ಬೇಗ ಟಿಪಿಎನ್ ಇಳಿಯುತ್ತೆ, ಲೈನ್ ತೆಗೆಯಬಹುದು. ತಾಯಿ ಹಾಲಿನಲ್ಲೇ ಉತ್ಕರ್ಷಣ ತಡೆಯೋ ಅಂಶಗಳಿವೆ, ಎನ್‌ಇಸಿ ಕಮ್ಮಿಯಾಗುತ್ತೆ. ಅಪ್ಪ, ನಿಮ್ಮ ಮನೆಯವರು ಹಾಲು ಹಿಂಡ್ತಾ ಇದ್ದಾರಾ? ಮೊದಲ ದಿನಗಳಲ್ಲಿ ಎರಡು ಮೂರು ಎಂಎಲ್ ಬಂದರೂ ಚೆಲ್ಲಬೇಡಿ ಅಂತ ಹೇಳಿ. ನಾವು ಸಿರಿಂಜಿನ ತುದಿಯಲ್ಲಿ ಉಳಿದ ಹನಿಯನ್ನೂ ಮಗುವಿನ ಕೆನ್ನೆ ಒಳಗೆ ಸವರ್ತೀವಿ.

27ವಾರದಪ್ಪ

ಹಿಂಡ್ತಾ ಇದ್ದಾಳೆ. ನಿನ್ನೆ ಒಂದು ಸಲಕ್ಕೆ 4 ಎಂಎಲ್ ಬಂತು, ಇಷ್ಟೇನಾ ಅಂತ ಅತ್ತಳು. ನಿಮ್ಮ ಮಾತನ್ನ ಓದಿ ಹೇಳ್ತೀನಿ.

27ವಾರದಪ್ಪ

ಮಾರನೇ ದಿನ ಬರೀತಿದ್ದೀನಿ. ಬೆಳಿಗ್ಗೆ ಬೇರೆ ಸಿಸ್ಟರ್ ಇದ್ದರು. ರಾತ್ರಿಪಾಳಿ ಅಕ್ಕ ಹೇಳಿದ ಹಾಗೆ ಮೂರೂ ಕೇಳಿದೆ. ಅವರು ಒಂದು ಕ್ಷಣ ಟ್ಯೂಬನ್ನೇ ನೋಡಿ, ಏನೂ ಮಾತಾಡದೆ ಕೈ ತೊಳ್ಕೊಂಡು ಬಂದು, ಸುತ್ತಿಕೊಂಡಿದ್ದನ್ನ ಬಿಡಿಸಿ ಇನ್‌ಕ್ಯುಬೇಟರಿನ ಹಿಂದಿನಿಂದ ಹಾಯಿಸಿದರು. ಸಿರಿಂಜಿಗೆ ಹಸಿರು ಬಟ್ಟೆ ಸುತ್ತಿದರು. ಸಂಜೆ ಸೆಟ್ ಬದಲಾಯಿಸುವಾಗ ಕಿತ್ತಳೆ ಟ್ಯೂಬು ಬಂತು, ಬ್ಯಾಗಿಗೆ ಕವರೂ ಬಂತು. ಅಷ್ಟೇ ಅಲ್ಲ, ಆ ಸಾಲಿನ ಇನ್ನೆರಡು ಮಕ್ಕಳ ಟ್ಯೂಬನ್ನೂ ಅವರೇ ಸರಿಸಿದರು.

ಮದ್ದುಮನೆ

ಬ್ಯಾಗಿನ ಕವರ್ ಫಾರ್ಮಸಿಯಿಂದಲೇ ಹಾಕಿ ಬರುತ್ತಾ, ವಾರ್ಡಿನಲ್ಲಿ ಹಾಕಿದ್ದಾ? ಬೆರೆಸಿದ ಕ್ಷಣದಿಂದ ಮುಚ್ಚಿರಬೇಕು.

27ವಾರದಪ್ಪ

ವಾರ್ಡಿನಲ್ಲಿ ಹಾಕಿದ್ದು. ನಾಳೆ ಡಾಕ್ಟರ್ ರೌಂಡ್ಸಿಗೆ ಬಂದಾಗ ಕೇಳ್ತೀನಿ.

ಅವಳಿ_ಅಮ್ಮ

ಹಾಲು ಎಷ್ಟು ಕೊಡ್ತಿದ್ದಾರೆ ಈಗ?

27ವಾರದಪ್ಪ

ಎರಡು ಗಂಟೆಗೊಮ್ಮೆ 1 ಎಂಎಲ್. ಹೊಟ್ಟೆ ಮೆತ್ತಗಿದೆ ಅಂದ್ರು. ಹೆಂಡತಿಗೆ ಎಲ್ಲ ಹೇಳಿದೆ, ಈಗ ಅವಳೇ ಹೋಗಿ ಟ್ಯೂಬು ನೋಡ್ಕೊಂಡು ಬರ್ತಾಳೆ.